ನಡುನಡುವ ಗಂಟು

ದುರ್ಗದಬೈಲಿನ ಹಿಂದ, ಸರಾಫ ಓಣ್ಯಾಗ,
ಎರಡು ಬೆಳ್ಳಿ ಅಂಗಡಿ ಸಂದ್ಯಾಗ ಒಂದು ಕಟ್ಟಿ.
ಮೂರು ಫೂಟು. ಅಷ್ಟ ನಮ್ಮ ಆಸ್ತಿ.
ಕಾಲ್ಬೆರಳಿಗೆ ರೇಶ್ಮಿ ಎಳಿ ಸಿಗಿಸಿ
ಅಬ್ಬಾ ಕುಂದರತಿದ್ದ ಜಾಗಾದಾಗ ಕುಂದರತೀನಿ.
ಸಮುದ್ರ ನೋಡಿಲ್ಲ. ಕಾರವಾರದ ಬಸ್ಸು
ಹಳೇ ಸ್ಟ್ಯಾಂಡಿನ್ಯಾಗ ನಿಂತದ್ದು ನೋಡೀನಿ.

ಸೋಮವಾರ ಮಧ್ಯಾಹ್ನ ಧಾರವಾಡದಿಂದ ವತ್ಸಲಾಬಾಯಿ ಬಂದ್ರು.
ಬೋರ್ನವಿಟಾ ಡಬ್ಬ್ಯಾಗ ಅವರವ್ವನ ಸರ.
"ಹರದದ, ದಾವಲಬಿ. ಎರಡು ಮಾಡಿ ಕೊಡು,
ನನಗೊಂದು, ತಂಗಿಗೊಂದು.
ಎಲ್ಲಾ ಬಸರಾ ಮುತ್ತು. ಎಣಿಸಿಕೋ, ಎಪ್ಪತ್ತೆರಡು ಅವ."

ಎಪ್ಪತ್ತೆರಡು ಇದ್ದವು. ಅದು ಖರೆ.
ಒಂದ ಕಡೆ ಹರದಿತ್ತು.
ನಡುನಡುವ ಗಂಟಿದ್ದದ್ದಕ್ಕ ಒಂದೂ ಚೆಲ್ಲಿರಲಿಲ್ಲ.

ಮುತ್ತು ಕಣ್ಣಿಗೆ ಸುಳ್ಳು ಹೇಳತೈತಿ, ಹಲ್ಲಿಗೆ ಹೇಳೂದಿಲ್ಲ.
ಮುಂದಿನ ಹಲ್ಲಿಗೆ ಹಗೂರಕ ತಿಕ್ಕಿದ್ರ
ಖರೇದು ಹಸೀ ರವಾದಂಗ ಗರಗರ,
ಖೊಟ್ಟಿದು ಸಬಕಾರದಂಗ ಜಾರತೈತಿ.

ಅವರು ಚಹಾಕ್ಕ ಹೋದ ಮ್ಯಾಲ ಕರೇ ಮಖಮಲ್ಲಿನ ಮ್ಯಾಲ ಹಾಸಿದೆ.

ಎದಿ ಮ್ಯಾಲ ಬರೂ ಕಡೆ ಬಸರಾ, ಇಪ್ಪತ್ತಾರು.
ಕಾಸಿದ ಹಾಲಿನ ಕೆನಿ ಬಣ್ಣ. ಒಂದೂ ಪೂರಾ ದುಂಡಗಿಲ್ಲ.
ತೂತು ಎಷ್ಟು ಸಣ್ಣವಂದ್ರ
ನನ್ನ ಸೂಜಿ ಎರಡು ಸಲ ನಾಚಿ ಹಿಂದ ಬಂತು.
ಅದರ ಬಾಜೂಕ ಜಪಾನಿ, ಹದಿನೈದು:
ಪ್ರಾರ್ಥನಾಕ್ಕ ನಿಂತ ಸಾಲಿ ಹುಡುಗೀರು,
ಒಂದ ಎತ್ತರ, ಒಂದ ನಗಿ.
ಕೊರಳ ತಿರುವಿನ್ಯಾಗ ಚೀನಾದ ಕೆರಿಮುತ್ತು, ಹದಿನೆಂಟು.
ಕೆಲವು ಅಕ್ಕಿಕಾಳು, ಕೆಲವು ಅಂಗಿ ಗುಂಡಿ,
ಒಂದು ಮಾತ್ರ ಸೊಟ್ಟ, ಹಲ್ಲು ಬಿದ್ದ ಕೂಸಿನ ಬಾಯಿ.
ಕೊಕ್ಕಿ ಹತ್ರ, ತುರುಬು ಮುಚ್ಚೂವಲ್ಲಿ, ಹದಿಮೂರು
ಬರೇ ಗಾಜು.
ಮೀನದ ಹುರುಪಿ ಅರದು ಬಳದ ಹೊಳಪು,
ಎರಡರಾಗ ಉದುರಾಕ ಹತ್ತೈತಿ.

ಆಮ್ಯಾಲ ಗಂಟು ನೋಡಿದೆ.
ಎಲ್ಲಾ ಗಂಟೂ ಎಡಕ್ಕ ತಿರುವಿದ್ದು.
ಈ ಓಣ್ಯಾಗ ಎಡಚ ಒಬ್ಬನ ಇದ್ದ.

ನನಗಾಗ ಎಂಟು ವರ್ಷ. ಎಳಿ ಹಿಡಿಯೂ ಕೆಲಸ ನಂದು.
ಮಳಿಗಾಲದ ಬಾಯಿಗೆ, ಸಾಲಿ ಸುರು ಆಗೂ ಹೊತ್ತಿಗೆ,
ಒಬ್ಬ ತೆಳ್ಳನ್ನ ಬಾಯಿ ಕಟ್ಟಿ ತುದಿಗೆ ಕುಂದರತಿದ್ರು.
"ಎರಡು ತಗೀ, ಎರಡು ಹಾಕು.
ಮನ್ಯಾಗ ತಿಳೀಬಾರದು."
ಒಮ್ಮೆ ಕೈಯಾಗ ದವಾಖಾನಿ ಲಕೋಟಿ,
ಒಮ್ಮೆ ತಂಬೂರಿ ಹೊದಿಕಿಗಂತ ಹಸರು ಅರಬಿ.
ಉಳಿದ ವರ್ಷ ಬರೇ ಕೈ.
ಯಾಕ ಅಂತ ಅಬ್ಬಾ ಕೇಳಲಿಲ್ಲ.
ಕೇಳೂದು ಸರಾಫರ ಕೆಲಸ, ಕಟ್ಟೂದು ನಮ್ಮದು.
ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು ಅಂತಾರ.
ಅವನು ಎರಡನ್ನೂ ಹೋಗಗೊಡಲಿಲ್ಲ.

ವತ್ಸಲಾಬಾಯಿ ತಿರುಗಿ ಬಂದು ನನ್ನ ಮುಖ ನೋಡಿದ್ರು,
ಮಖಮಲ್ಲು ನೋಡಲಿಲ್ಲ.
"ಎಲ್ಲಾ ಬರೋಬರಿ ಅವಲ್ಲ?"
"ಬರೋಬರಿ ಅದಾವ್ರಿ ಬಾಯಾರ."

ಹಂಚಿದೆ. ಬಸರಾ ಹದಿಮೂರು, ಹದಿಮೂರು.
ಜಪಾನಿ ಎಂಟು, ಏಳು. ಕೆರೀದು ಒಂಬತ್ತು, ಒಂಬತ್ತು.
ಗಾಜು ಆರು, ಏಳು.
ಮೂವತ್ತಾರಕ್ಕ ಮೂವತ್ತಾರು. ಲೆಕ್ಕ ತಾನ ಕೂಡಿತು.
ಸೊಟ್ಟ ಮುತ್ತು ಯಾರಿಗೆ ಹೋತು ಅಂತ ನಾ ಹೇಳೂದಿಲ್ಲ.

ಸೆಂಟು ಹೊಡದ ಮ್ಯಾಲ ಹಾಕಬ್ಯಾಡ್ರಿ,
ಟ್ರೇಜರಿಯಾಗ ಮುಚ್ಚಿಟ್ರ ಒಣಗತಾವು,
ಮೈಮ್ಯಾಗಿದ್ರನ ಬದುಕತಾವು ಅಂದೆ.
ಗಾಜಿಗೂ ಸೇರಿಸೇ ಅಂದೆ.

ಅವರು ಚಪ್ಪಲಿ ಮೆಟ್ಟಿ ಓಣಿಗೆ ಇಳದು
ಹಿಂದ ನೋಡದ ಅಂದ್ರು:
"ಗಂಟು ಎಡಕ್ಕ ಹಾಕು, ದಾವಲಬಿ.
ಅವ್ವನ ಸರದಾಗ ಹಂಗ ಇದ್ದವು."

ನಾ ಬಲಚಿ.
ಮೊದಲನೇ ಗಂಟು ಮೂರು ಸಲ ಬಿಚ್ಚಿದೆ.
ದೀಪ ಹಚ್ಚೂ ಹೊತ್ತಿಗೆ ಕಾಲ್ಬೆರಳು ಜೋಮು ಹಿಡದಿತ್ತು,
ಕೈ ಮಾತ್ರ ಕಲತಿತ್ತು.